ಒಂಬತ್ತು ಮಂದಿಯ ಗುಟ್ಟು

1765ರ ಮಾರ್ಚಿನಲ್ಲಿ ಬ್ರಿಟಿಷ್ ಸಂಸತ್ತು ಅಮೆರಿಕದ ವಸಾಹತುಗಳ ಮೇಲೆ ಸ್ಟಾಂಪು ತೆರಿಗೆ ಹೇರಿತು. ಕೋರ್ಟು ಕಾಗದ, ಪತ್ರಿಕೆ, ಲೈಸೆನ್ಸು, ಕೊನೆಗೆ ಇಸ್ಪೀಟು ಎಲೆಗೂ ಮುದ್ರೆ ಬೇಕು, ಮುದ್ರೆಗೆ ಹಣ ಕೊಡಬೇಕು. ಆ ಸಂಸತ್ತಿನಲ್ಲಿ ವಸಾಹತುಗಳವರು ಆರಿಸಿದ ಒಬ್ಬನೂ ಇರಲಿಲ್ಲ. ಜನ ಸಿಟ್ಟಾದದ್ದು ನ್ಯಾಯವೇ. ಬಾಸ್ಟನ್ನಿನಲ್ಲಿ ಸ್ಟಾಂಪು ಹಂಚುವ ಕೆಲಸ ಆ ಊರಿನವನೇ ಆದ ಒಬ್ಬ ಸಿರಿವಂತನ ಪಾಲಿಗೆ ಬಂತು.

ಈ ತೆರಿಗೆಯನ್ನು ತಡೆಯಲೆಂದು ಊರಿನ ಒಂಬತ್ತು ಮಂದಿ ಒಂದು ಮದ್ಯದ ಭಟ್ಟಿಯ ಲೆಕ್ಕದ ಕೋಣೆಯಲ್ಲಿ ಗುಟ್ಟಾಗಿ ಸೇರುತ್ತಿದ್ದರು. ಭಟ್ಟಿಯವರು, ಕಂಚುಗಾರರು, ಬಣ್ಣದ ಕೆಲಸದವನು, ಪತ್ರಿಕೆ ಅಚ್ಚು ಹಾಕುವವನು. ಎಲ್ಲರೂ ಮರ್ಯಾದಸ್ಥರು. ತಾವೇ ಬೀದಿಗಿಳಿಯುವುದು ಅವರಿಗೆ ಬೇಕಿರಲಿಲ್ಲ. ಅದಕ್ಕೆ ಬೂಟು ಹೊಲಿಯುವ ಕಸುಬಿನ ಒಬ್ಬ ಯುವಕ ಸಿಕ್ಕಿದ. ಊರ ದಕ್ಷಿಣ ಭಾಗದ ಪುಂಡರ ಗುಂಪು ಅವನ ಮಾತು ಕೇಳುತ್ತಿತ್ತು.

ಆಗಸ್ಟ್ 14ರ ಬೆಳಗ್ಗೆ ದೊಡ್ಡ ಎಲ್ಮ್ ಮರದಲ್ಲಿ ಸ್ಟಾಂಪು ಹಂಚಬೇಕಿದ್ದ ಅಧಿಕಾರಿಯ ಪ್ರತಿಕೃತಿ ನೇತಾಡುತ್ತಿತ್ತು. ಪಕ್ಕದಲ್ಲಿ ಒಂದು ಬೂಟು, ಅದರೊಳಗಿಂದ ಇಣುಕುವ ಸೈತಾನ. ಇಳಿಸಲು ಹೋದವರು ಜೀವಭಯದಿಂದ ಹಿಂದಿರುಗಿದರು. ಸಂಜೆ ಮೆರವಣಿಗೆ ಹೊರಟಿತು. ಸ್ಟಾಂಪು ಕಚೇರಿಯಾಗಲಿದೆ ಎಂದು ಜನ ನಂಬಿದ್ದ ಹೊಸ ಕಟ್ಟಡವನ್ನು ಕೆಡವಿದರು. ಅಧಿಕಾರಿಯ ಮನೆಗೆ ನುಗ್ಗಿ ಪೀಠೋಪಕರಣ ಪುಡಿ ಮಾಡಿದರು. ನೇಮಕದ ಪತ್ರ ಇನ್ನೂ ಅವನ ಕೈ ಸೇರಿರಲಿಲ್ಲ. ಒಂದು ಸ್ಟಾಂಪನ್ನೂ ಅವನು ಮಾರಿರಲಿಲ್ಲ. ಮರುದಿನವೇ ಹುದ್ದೆ ಬೇಡವೆಂದ.

ಅಲ್ಲಿಗೆ ನಿಂತಿದ್ದರೆ ನಾನೂ ಹೆಚ್ಚು ಹೇಳುತ್ತಿರಲಿಲ್ಲ. ಹನ್ನೆರಡು ದಿನದ ಮೇಲೆ ಗುಂಪು ಅವನ ನೆಂಟನ ಮನೆಗೆ ನುಗ್ಗಿತು. ಅವನೂ ಪ್ರಾಂತ್ಯದ ಹಿರಿಯ ಅಧಿಕಾರಿ. ಆದರೆ ಈ ತೆರಿಗೆ ಬೇಡವೆಂದು ಒಳಗಿಂದೊಳಗೇ ವಾದಿಸಿದ್ದವನು. ಬೆಳಗಾಗುವ ಹೊತ್ತಿಗೆ ಮನೆಯಲ್ಲಿ ಗೋಡೆಗಳಷ್ಟೇ ಉಳಿದಿದ್ದವು. ಅವನು ವರ್ಷಗಟ್ಟಲೆ ಕೂಡಿಟ್ಟ ಹಸ್ತಪ್ರತಿಗಳು ಬೀದಿಯ ಕೆಸರಿನಲ್ಲಿ ಬಿದ್ದಿದ್ದವು. ಊರ ಸಭೆ ಸೇರಿ ಖಂಡಿಸಿತು. ಬೂಟು ಹೊಲಿಯುವವನನ್ನು ಹಿಡಿದರು. ಅವನನ್ನು ಬಿಡದಿದ್ದರೆ ರಾತ್ರಿ ಊರು ಕಾಯಲು ಯಾರೂ ಬರುವುದಿಲ್ಲ ಎಂಬ ಮಾತು ಬಂದೊಡನೆ ಬಿಟ್ಟರು. ಶಿಕ್ಷೆ ಯಾರಿಗೂ ಆಗಲಿಲ್ಲ.

ಡಿಸೆಂಬರ್ 17ರಂದು, ಸುರಿಯುವ ಮಳೆಯಲ್ಲಿ, ಮೊದಲ ಅಧಿಕಾರಿಯನ್ನು ಅದೇ ಮರದ ಬಳಿ ಕರೆಸಿ ಎಲ್ಲರೆದುರು ಮತ್ತೆ ರಾಜೀನಾಮೆ ಹೇಳಿಸಿದರು. ಪುರಭವನದಲ್ಲಿ ಹೇಳುತ್ತೇನೆಂದು ಅವನು ಬೇಡಿಕೊಂಡಿದ್ದ. ಒಂಬತ್ತು ಮಂದಿ ಒಪ್ಪಲಿಲ್ಲ. ಕೆಲಸ ಆಗಲೇ ಮುಗಿದಿತ್ತು, ಇನ್ನುಳಿದದ್ದು ಅವಮಾನ ಮಾತ್ರ.

ಗುಟ್ಟು ತಪ್ಪೆಂದು ನಾನು ಹೇಳಲಾರೆ. ರಾಜದ್ರೋಹದ ಭಯವಿದ್ದಲ್ಲಿ ದುರ್ಬಲನಿಗೆ ಅದೇ ರಕ್ಷೆ. ಆದರೆ ಇವರು ಸರ್ಕಾರದಿಂದ ಮಾತ್ರವಲ್ಲ, ತಾವು ಎಬ್ಬಿಸಿದ ಗುಂಪಿನ ಹೊಣೆಯಿಂದಲೂ ಅಡಗಿಕೊಂಡರು. ನಾವೂ ಮಾಡುವುದು ಇದನ್ನೇ ಅಲ್ಲವೆ? ಊರ ಜಗಳದಲ್ಲಿ, ಸಂಘದ ಚುನಾವಣೆಯಲ್ಲಿ, ನಮ್ಮ ಸಿಟ್ಟನ್ನು ಬಡಪಾಯಿಯೊಬ್ಬನ ಕೈಗೆ ಕೊಟ್ಟು, ಮರುದಿನ ಖಂಡನೆಯ ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಕೂರುತ್ತೇವೆ.

ಒಂಬತ್ತು ಮಂದಿಯಲ್ಲಿ ಒಬ್ಬ ಅದೇ ಡಿಸೆಂಬರಿನಲ್ಲಿ ಬರೆದ ಕಾಗದ ಉಳಿದಿದೆ. ಎಲ್ಲ ಕೀರ್ತಿ ಆ ಬೂಟು ಹೊಲಿಯುವವನಿಗೇ ಹೋಗುತ್ತಿದೆ ಎಂದು ಅದರಲ್ಲಿ ಅವನು ಸಂತೋಷಪಡುತ್ತಾನೆ. 1766ರ ಮಾರ್ಚಿನಲ್ಲಿ ತೆರಿಗೆ ರದ್ದಾಯಿತು. ಮನೆ ಕಳೆದುಕೊಂಡವನಿಗೆ ಪರಿಹಾರ ಸಿಕ್ಕಿತು. ಅದನ್ನು ಕೊಟ್ಟದ್ದು ಪ್ರಾಂತ್ಯದ ಬೊಕ್ಕಸ, ಎಂದರೆ ಜನರ ತೆರಿಗೆ. ಬೂಟು ಹೊಲಿಯುವವನು 1770ರಲ್ಲಿ ಸಾಲಕ್ಕಾಗಿ ಜೈಲು ಸೇರಿದ.