ಕೈಗೆ ಬಂದದ್ದು

ಸಿಂಧನೂರಿನಲ್ಲಿ ನಮ್ಮ ಮನೆ ಮುಂದಿನ ಓಣಿ ಸ್ವಲ್ಪ ಅಗಲ. ಬೇಸಿಗೆ ರಜೆ ಬಂತೆಂದರೆ ಸಂಜೆಗೆ ಅದೇ ಹುಡುಗರ ಮೈದಾನ. ನಾನು ಕಟ್ಟೆಯ ಮೇಲೆ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿರುತ್ತಿದ್ದೆ. ಕೂತಲ್ಲಿಯೇ ನನ್ನನ್ನು ಅಂಪೈರ್ ಮಾಡಿದ್ದರು; ಆಟ ಬಲ್ಲವಳೆಂದಲ್ಲ, ಜಾಗ ಬಿಟ್ಟು ಏಳುವುದಿಲ್ಲವೆಂದು.

2008ರ ಮೇ ತಿಂಗಳು. ಮಸ್ಕಿಯಿಂದ ತಂಗಿಯ ಮಗ ಬಂದಿದ್ದ. ಆ ಜನವರಿಯಲ್ಲಿ ಸಿಡ್ನಿ ಟೆಸ್ಟಿನ ಗಲಾಟೆ ನಡೆದಿತ್ತಲ್ಲ, ಹುಡುಗರ ಬಾಯಲ್ಲಿ ಇನ್ನೂ ಅದೇ ಮಾತು. ನಮ್ಮ ಅನಿಲ್ ಕುಂಬ್ಳೆಯೂ ಆಸ್ಟ್ರೇಲಿಯಾದ ರಿಕಿ ಪಾಂಟಿಂಗ್ ಅವರೂ ಒಂದು ಒಪ್ಪಂದ ಮಾಡಿಕೊಂಡಿದ್ದರು: ಕ್ಯಾಚಿನ ಬಗ್ಗೆ ಸಂಶಯ ಬಂದರೆ ಹಿಡಿದವನ ಮಾತು ನಂಬುವುದು. ಸೌರವ್ ಗಂಗೂಲಿ ಹೊಡೆದ ಚೆಂಡನ್ನು ಮೈಕೆಲ್ ಕ್ಲಾರ್ಕ್ ನೆಲದ ಹತ್ತಿರ ಹಿಡಿದರು. ಅಂಪೈರ್ ಮಾರ್ಕ್ ಬೆನ್ಸನ್ ಪಾಂಟಿಂಗ್ ಅವರನ್ನು ಕೇಳಿದರು, ಪಾಂಟಿಂಗ್ ಬೆರಳೆತ್ತಿದರು, ಗಂಗೂಲಿ ಹೊರಗೆ ನಡೆದರು. ಟಿ.ವಿ.ಯಲ್ಲಿ ಎಷ್ಟು ಸಲ ತೋರಿಸಿದರೂ ಜಗಳ ಮುಗಿಯಲಿಲ್ಲ. ಇಷ್ಟಾದರೂ ನಮ್ಮ ಓಣಿಯ ಹುಡುಗರು ಅದೇ ಒಪ್ಪಂದವನ್ನು ಇಟ್ಟುಕೊಂಡಿದ್ದರು!

ತಂಗಿಯ ಮಗ ಬೀಸಿ ಹೊಡೆದ. ನನ್ನ ಮಗ ಮುಂದಕ್ಕೆ ಬಿದ್ದು ಹಿಡಿದ. ಅವನ ಬೆರಳ ಹತ್ತಿರ ಧೂಳು ಎದ್ದದ್ದು ನನಗೆ ಕಂಡಿತು.

"ಹಿಡದೀಯೇನೋ?"

"ಹಿಡದೀನಿ."

ಬ್ಯಾಟು ಹಿಡಿದವನು ನನ್ನ ಕಡೆ ತಿರುಗಿದ. "ದೊಡ್ಡವ್ವಾ, ನೀ ಹೇಳು."

"ಹಿಡದವ ಹೇಳ್ಯಾನಲ್ಲಪ್ಪ," ಎಂದೆ. ಅವನು ಬ್ಯಾಟನ್ನು ಕಟ್ಟೆಗೆ ಒರಗಿಸಿ ನೀರು ಕುಡಿಯಲು ಒಳಗೆ ಹೋದ.

ಆಮೇಲೆ ನಾನು ನಿಯಮ ಕೇಳಿ ತಿಳಿದುಕೊಂಡೆ. ಚೆಂಡು ಕೈಗೆ ಬಂದರಷ್ಟೇ ಸಾಲದಂತೆ. ಚೆಂಡಿನ ಮೇಲೂ ತನ್ನ ಮೈಯ ಚಲನೆಯ ಮೇಲೂ ಪೂರ್ತಿ ಹಿಡಿತ ಬರಬೇಕು. ಅಲ್ಲಿಯವರೆಗೆ ಅದು ಹಿಡಿದಂತಲ್ಲ. ಹಿಡಿದ ಕೈ ನೆಲಕ್ಕೆ ತಾಗಿದರೆ ತಪ್ಪಿಲ್ಲ, ಚೆಂಡು ತಾಗಬಾರದು. ಅಮೆರಿಕದವರ ಫುಟ್‌ಬಾಲಿನಲ್ಲಿ ಈ ಪ್ರಶ್ನೆಗೆ ಎಷ್ಟು ರಗಳೆಯಾಯಿತೆಂದರೆ 2018ರಲ್ಲಿ ನಿಯಮವನ್ನೇ ತಿದ್ದಿ ಬರೆದರು. ಎರಡೂ ಪಾದ ಅಂಗಳದೊಳಗೆ ಊರಿದ ಮೇಲೂ ಇನ್ನೊಂದು ಹೆಜ್ಜೆ ಇಡಬೇಕು, ಇಲ್ಲವೇ ಇಡುವಷ್ಟು ಹೊತ್ತು ಚೆಂಡು ಕೈಯಲ್ಲಿರಬೇಕು. 'ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ' ಎನ್ನುವ ನಮಗೆ ಇದು ಹೊಸದೇನಲ್ಲ. ಆದರೆ ಅಂದು ಎದ್ದ ಧೂಳು ಬೆರಳಿನದೋ ಚೆಂಡಿನದೋ? ಕಟ್ಟೆ ಇಳಿದು ಕೇಳಬಹುದಿತ್ತು. ಒಪ್ಪಂದ ಇತ್ತಲ್ಲ, ಅದರ ಹಿಂದೆ ಕೂತುಬಿಟ್ಟೆ.

ಈ ಸಣ್ಣ ಸಂಗತಿ ಮನಸ್ಸಿನಲ್ಲಿ ಉಳಿಯಲು ಬೇರೆ ಕಾರಣವಿದೆ. 2011ರಲ್ಲಿ ಲಿಂಗಸುಗೂರಿನ ತವರಿನಲ್ಲಿ ಅವ್ವ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ, ತಂಗಿ ಗಂಜಿ ಮಾಡಲು ಒಳಗೆ ಹೋದಾಗ, ಅವ್ವ ಕೈಯ ಎರಡು ಪಾಟ್ಲಿ ತೆಗೆಸಿ, ಹಳೆ ಸೀರೆಯ ತುಂಡಿನಲ್ಲಿ ಕಟ್ಟಿಸಿ, ನನ್ನ ಮಡಿಲಿಗೆ ಹಾಕಿದಳು. "ಇಟ್ಕೊ" ಎಂದಳು. ಅಷ್ಟೇ. ನಿನಗೆಂದು ಇಟ್ಟುಕೋ ಎಂದಳೋ, ಜೋಪಾನವಾಗಿ ಇಟ್ಟುಕೋ ಎಂದಳೋ? ಕೇಳಲಿಲ್ಲ. ಕೇಳಿದ್ದರೆ ಎರಡನೆಯದೇ ಉತ್ತರ ಬಂದೀತೆಂಬ ಅಂಜಿಕೆಯಿತ್ತು. ವಾರದೊಳಗೆ ಅವ್ವ ಹೋದಳು.

ದಿನಕರ್ಮ ಮುಗಿದ ಮೇಲೆ ತಂಗಿ ಮೆಲ್ಲಗೆ ಕೇಳಿದಳು, "ಪಾಟ್ಲಿ ಅವ್ವ ನಿನಗ ಕೊಟ್ಲೇನಕ್ಕಾ?"

"ಹೂಂ."

ಮುಂದೆ ಅವಳು ಒಂದು ಮಾತೂ ಆಡಲಿಲ್ಲ. ಮಗನಂತೆಯೇ. ಬಡಿದಾಡುವವರ ಜೊತೆ ಬದುಕುವುದು ಸುಲಭ. ನಂಬಿ ಸುಮ್ಮನಾಗುವವರ ಜೊತೆ ಕಷ್ಟ. ನಾನೇನೂ ಸುಳ್ಳು ಹೇಳಿರಲಿಲ್ಲ. ಕೊಟ್ಟದ್ದು ನಿಜ, ತೆಗೆದುಕೊಂಡದ್ದೂ ನಿಜ. ಆದರೂ ಇಷ್ಟು ವರ್ಷದಲ್ಲಿ ಆ ಪಾಟ್ಲಿಯನ್ನು ಒಂದು ಮದುವೆಗೂ ಹಾಕಿಕೊಳ್ಳಲಿಲ್ಲ. ಅಲಮಾರಿಯಲ್ಲಿ ಅದೇ ಗಂಟಿನಲ್ಲಿ ಇದ್ದವು.

ಹೋದ ವರ್ಷ ಮಗ ಊರಿಗೆ ಬಂದಾಗ ಮ್ಯಾಚು ನೋಡುತ್ತ ಭದ್ರಾವತಿಯ ಜಿ. ಆರ್. ವಿಶ್ವನಾಥ್ ಅವರ ಕಥೆ ಹೇಳಿದ. 1980ರ ಫೆಬ್ರವರಿ, ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟು. ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ಅಂಪೈರ್ ಕ್ಯಾಚ್ ಔಟ್ ಕೊಟ್ಟಾಗಿತ್ತು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ನಾಯಕ ವಿಶ್ವನಾಥ್ ಅವರನ್ನು ವಾಪಸು ಕರೆಸಿದರು. ಟೇಲರ್ ಬೋಥಮ್ ಜೊತೆ ನಿಂತು 171 ರನ್ ಕೂಡಿಸಿದರು. ನಾವು 10 ವಿಕೆಟ್‌ನಿಂದ ಸೋತೆವು.

"ಅಂಪೈರ್ ಬೆರಳೆತ್ತಿದ ಮ್ಯಾಲೂ ಕರದರವ್ವಾ," ಎಂದ.

"ನೀನು ಅವತ್ತು ಓಣ್ಯಾಗ ಹಿಡದ ಕ್ಯಾಚು, ಖರೇನ ಹಿಡದಿದ್ಯೇನೋ?" ಎಂದೆ.

"ಯಾವ ಕ್ಯಾಚು?" ಎಂದ. ಅವನಿಗೆ ನೆನಪೇ ಇರಲಿಲ್ಲ.

ಮರುದಿನ ಗಂಟನ್ನು ಚೀಲದಲ್ಲಿಟ್ಟುಕೊಂಡು ಮಸ್ಕಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ತಂಗಿಯ ಮನೆ ಹೊಸ್ತಿಲಲ್ಲಿ ಒಂದೂ ನೆನಪಾಗಲಿಲ್ಲ. ಗಂಟನ್ನು ಅವಳ ಮುಂದೆ ಇಟ್ಟು, "ಅವ್ವ ಇಟ್ಕೊ ಅಂದಿದ್ಲು. ನಿನಗ ಅಂತ ಅಂದ್ಲೋ ನನಗ ಅಂತ ಅಂದ್ಲೋ ನಾ ಕೇಳಲಿಲ್ಲ," ಎಂದೆ.

ಅವಳು ಪಾಟ್ಲಿಯನ್ನು ಮುಟ್ಟಲಿಲ್ಲ. ಸೀರೆಯ ತುಂಡನ್ನು ಬಿಡಿಸಿ, ಮೂಗಿಗೆ ಹಿಡಿದು ನೋಡಿದಳು. ಆಮೇಲೆ ಒಳಗೆ ಹೋದಳು. ಒಲೆ ಹಚ್ಚಿದ ಸದ್ದಾಯಿತು.

"ಅಕ್ಕಾ, ಚಹಾಕ್ಕ ಸಕ್ಕರಿ ಎಷ್ಟು ಹಾಕ್ಲಿ?" ಎಂದು ಕೇಳಿದಳು. ನನಗೆ ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷವಾಯಿತು. ಅದು ಅವಳಿಗೂ ಗೊತ್ತು.