ಇಬ್ಬರು ಮಕ್ಕಳ ಸಾಮ್ಯವೂ ಮಜ್ಜೆಯ ದಾನವೂ

(ಮತ್ತಾಯನ ಸುವಾರ್ತೆ, 21ನೆಯ ಅಧ್ಯಾಯ, 28ರಿಂದ 31ನೆಯ ವಚನಗಳು)



ಈ ಸಾಮ್ಯದಲ್ಲಿ ಒಬ್ಬ ಮಗನು ತಂದೆಯ ಮಾತಿಗೆ ಒಪ್ಪಿಕೊಂಡರೂ ತೋಟಕ್ಕೆ ಹೋಗದೆ ಉಳಿದನು. ನಮ್ಮ ಕಾಲದಲ್ಲಿ ಇಂಥ ಬರಿಯ ಒಪ್ಪಿಗೆಯು ಮತ್ತೊಬ್ಬನ ಪ್ರಾಣಕ್ಕೇ ಮುಟ್ಟುವ ಒಂದು ಕಾರ್ಯವುಂಟು; ಅದನ್ನು ಕೇಳಿರಿ.

ದೇವರು ನಮ್ಮ ಎಲುಬುಗಳ ಮಜ್ಜೆಯಲ್ಲಿ ರಕ್ತದ ಬುಗ್ಗೆಯನ್ನಿಟ್ಟಿದ್ದಾನೆ. ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾ ಮೊದಲಾದ ರೋಗಗಳಿಂದ ಆ ಬುಗ್ಗೆಯು ಕೆಟ್ಟಾಗ, ಆರೋಗ್ಯವಂತನೊಬ್ಬನ ಮಜ್ಜೆಯ ಕಣಗಳನ್ನು ರೋಗಿಗೆ ಕೊಟ್ಟು ಗುಣಪಡಿಸುವದುಂಟು. ವೇಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ 1986ರಿಂದ ಈ ಚಿಕಿತ್ಸೆಯು ನಡೆಯುತ್ತಿದೆ. ಆದರೆ ಇಬ್ಬರ ದೇಹದ ಗುರುತುಗಳೂ ಒಂದಕ್ಕೊಂದು ಹೊಂದಬೇಕು. ಒಡಹುಟ್ಟಿದವನ ಗುರುತಾದರೂ ಪೂರ್ಣವಾಗಿ ಹೊಂದುವ ಸಂಭವವು ನಾಲ್ಕರಲ್ಲಿ ಒಂದೇ. ಮನೆಯಲ್ಲಿ ದಾತನು ಸಿಕ್ಕದವರು ಅಪರಿಚಿತರನ್ನು ಹುಡುಕಬೇಕು.

ಈ ಗುರುತುಗಳು ಪಿತೃಗಳಿಂದ ಬರುವವು. ಲೋಕದಲ್ಲೆಲ್ಲಾ 4 ಕೋಟಿಗಿಂತ ಹೆಚ್ಚು ದಾತರ ಹೆಸರುಗಳಿದ್ದರೂ ಅವರಲ್ಲಿ ಭಾರತದವರು ಬಹು ಸ್ವಲ್ಪ. ರಟ್ಟೀಹಳ್ಳಿಯ ಸೀಮೆಯಲ್ಲಿ ತಲೆತಲಾಂತರದಿಂದ ತಮ್ಮೊಳಗೇ ಹೆಣ್ಣು ಕೊಟ್ಟು ತಂದ ಕುಲದವನೊಬ್ಬನು ರೋಗಿಯಾದರೆ, ಅವನ ಗುರುತು ದೂರದೇಶದವನಲ್ಲಿ ಸಿಕ್ಕುವದು ಅಪರೂಪ, ನಿಮ್ಮಲ್ಲಿ ಸಿಕ್ಕೀತು. ದೀಕ್ಷಾಸ್ನಾನದಿಂದ ನಮ್ಮ ಸಭೆಯು ಬೇರೆಯಾಯಿತು. ಪಿತೃಗಳ ಗುರುತು ಅಳಿಯಲಿಲ್ಲ. ನಿಮ್ಮ ಅಜ್ಜನನ್ನು ಕುಲದಿಂದ ಹೊರಗಿಟ್ಟವರ ಮೊಮ್ಮಗನಿಗೆ ನಿಮ್ಮ ಮಜ್ಜೆಯೇ ಬೇಕಾಗಬಹುದು. ಆಗ, ನನ್ನ ನೆರೆಯವನು ಯಾರೆಂದು ಕೇಳುವಿರೋ?

ಭಯಪಡಬೇಡಿರಿ. ಹೆಸರು ಬರೆಯಿಸುವಾಗ ಹತ್ತಿಯ ಕಡ್ಡಿಯಿಂದ ಕೆನ್ನೆಯ ಒಳಭಾಗವನ್ನು ಒರಸಿಕೊಳ್ಳುವರು, ಅಷ್ಟೇ. ಬೆಂಗಳೂರಿನ ಡಿಕೆಎಂಎಸ್, 2009ರಲ್ಲಿ ಚೆನ್ನೈಯಲ್ಲಿ ಆರಂಭವಾದ ದಾತ್ರಿ ಎಂಬ ಸಂಸ್ಥೆಗಳು 18 ವರ್ಷ ತುಂಬಿದ ಆರೋಗ್ಯವಂತರ ಹೆಸರುಗಳನ್ನು ಬರಕೊಳ್ಳುತ್ತವೆ. ಮುಂದೆ ಕರೆ ಬಂದರೆ, ಬಹು ಮಂದಿಗೆ ನಾಲ್ಕೈದು ದಿನ ಸೂಜಿಮದ್ದನ್ನು ಕೊಟ್ಟು, ತೋಳಿನ ರಕ್ತದಿಂದಲೇ ಕೆಲವು ತಾಸುಗಳಲ್ಲಿ ಕಣಗಳನ್ನು ಬೇರೆ ಮಾಡುವರು. ಕೆಲವು ದಿನ ಮೈಕೈ ನೋಯಬಹುದು. ಕೊಟ್ಟದ್ದು ಕೆಲವು ವಾರಗಳಲ್ಲಿ ದೇಹದಲ್ಲಿ ತಿರಿಗಿ ತುಂಬುವದು.

ಆದರೆ ಒಪ್ಪುವ ಮೊದಲು ಮನೆಯವರೊಡನೆ ಚೆನ್ನಾಗಿ ಆಲೋಚಿಸಿರಿ. ಯಾಕಂದರೆ ದಾನದ ದಿನವು ಗೊತ್ತಾದ ಮೇಲೆ ವೈದ್ಯರು ತೀಕ್ಷ್ಣವಾದ ಔಷಧಗಳಿಂದ ರೋಗಿಯ ಹಳೆಯ ಮಜ್ಜೆಯನ್ನು ಅಳಿಸಿಬಿಡುವರು. ಹೊಲವನ್ನು ಹರಗಿ ಹಸನು ಮಾಡಿದ ಮೇಲೆ ಬೀಜವು ಬಾರದಿದ್ದರೆ ರೈತನು ಒಂದು ಬೆಳೆಯನ್ನು ಕಳಕೊಳ್ಳುವನು. ಇಲ್ಲಿ ದಾತನು ಹಿಂಜರಿದರೆ ಒಬ್ಬನು ಪ್ರಾಣವನ್ನೇ ಕಳಕೊಳ್ಳಬಹುದು. ಮೊದಲು ಒಲ್ಲೆನೆಂದು ಆಮೇಲೆ ಮನಸ್ಸು ತಿರುಗಿಸಿಕೊಂಡು ಬರುವವನೂ ಧನ್ಯನೇ. ಸಾಮ್ಯದ ಮತ್ತೊಬ್ಬ ಮಗನು ಹಾಗೆಯೇ ಮಾಡಿದನಲ್ಲವೇ?

ನಮ್ಮ ಬಾಯಿ ಒಪ್ಪಿದ್ದನ್ನು ನಮ್ಮ ಕಾಲುಗಳು ನೆರವೇರಿಸುವಂತೆ ಕರ್ತನು ನಮಗೆ ಕೃಪೆಯನ್ನು ಕೊಡಲಿ. ಆಮೆನ್.