ಕಳಿಸಿದ್ದೆಲ್ಲ ಮುಟ್ಟಿದಂತೆಯೇ?

ಊರು ಬಿಟ್ಟು ಬಂದ ನಮ್ಮಂಥವರ ಸಂಸಾರದಲ್ಲಿ ಸುದ್ದಿಗೆ ಇರುವ ಬೆಲೆಯೇ ಬೇರೆ. ಧಾರವಾಡದಲ್ಲೋ ಉಡುಪಿಯಲ್ಲೋ ವೃದ್ಧ ತಾಯಿತಂದೆ, ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ನಾವು, ಅಮೆರಿಕದಲ್ಲಿ ಮಕ್ಕಳು. ಮೂರು ತಲೆಮಾರನ್ನು ಒಂದು ಮನೆಯಾಗಿ ಉಳಿಸಿರುವುದು ಸುದ್ದಿಯೇ. ಆದ್ದರಿಂದ ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕು: ಸುದ್ದಿ ಕಳಿಸಿದ ಮಾತ್ರಕ್ಕೆ ಕಳಿಸಿದವನ ಹೊಣೆ ತೀರಿತೆ?

ಈ ಪ್ರಶ್ನೆಗೆ ಒಂದು ನೆಪವಿದೆ. ಇಮೇಲ್ ಮೂಲಕ ಮೊಬೈಲಿಗೆ ಸಂದೇಶ ಮುಟ್ಟಿಸುವ ವ್ಯವಸ್ಥೆಯನ್ನು ಅಮೆರಿಕದ ಎಟಿ ಅಂಡ್ ಟಿ ಕಂಪನಿ 2025ರ ಜೂನ್ 17ರಂದು ನಿಲ್ಲಿಸಿತು. ಫೋನಿನ ಹತ್ತು ಅಂಕಿಗಳಿಗೆ ಕಂಪನಿಯ ವಿಳಾಸ ಜೋಡಿಸಿ ಇಮೇಲ್ ಬರೆದರೆ ಅದು ಎಸ್‌ಎಂಎಸ್ ಆಗಿ ಹೋಗುತ್ತಿತ್ತು. ಅಲ್ಲಿಂದ ಕೊಟ್ಟ ಉತ್ತರ ಇಮೇಲ್ ಆಗಿ ಮರಳುತ್ತಿತ್ತು. ಬರೆಯುವವನು ವಡೋದರೆಯಲ್ಲಿದ್ದರೂ ವಿದೇಶಿ ದರದ ಗೊಡವೆಯಿರಲಿಲ್ಲ. ಸುಲಭದ ದಾರಿ, ನಿಜ. ಆದರೆ ಈ ಸುಲಭದ ಭಾರವನ್ನು ಹೊತ್ತವರು ಯಾರು?

ಮೊದಲನೆಯದು ಹಣದ ಮಾತು. ಎಸ್‌ಎಂಎಸ್‌ನ ಆರಂಭದ ವರ್ಷಗಳಲ್ಲಿ ಅಮೆರಿಕದ ಎಷ್ಟೋ ಗ್ರಾಹಕರು ತಮಗೆ ಬಂದ ಸಂದೇಶಕ್ಕೂ ಹಣ ತೆರಬೇಕಾಗಿತ್ತು. ಕಳಿಸಿದವನಿಗೆ ಪುಕ್ಕಟೆ, ಪಡೆದವನಿಗೆ ಖರ್ಚು. ಹಿರಿಯರಿಗೆ 'ಬೇರಿಂಗ್' ಕಾಗದದ ನೆನಪಿರಬಹುದು. ಅಂಚೆಚೀಟಿ ಹಚ್ಚದ ಕಾಗದಕ್ಕೆ ಪಡೆಯುವವರು ಇಮ್ಮಡಿ ತೆರಬೇಕಾಗಿತ್ತು. ಆದರೂ ಬೇಡವೆಂದು ಹಿಂದಿರುಗಿಸುವ ಸ್ವಾತಂತ್ರ್ಯವಿತ್ತು. ಫೋನಿಗೆ ಬಂದು ಬಿದ್ದ ಸಂದೇಶವನ್ನು ಹಿಂದಿರುಗಿಸುವವರಾರು?

ಎರಡನೆಯದು ಅಳತೆಯ ಮಾತು. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರಗಳು ಹಿಡಿದರೆ, ಕನ್ನಡಕ್ಕೆ ಸಿಗುವುದು 70 ಸ್ಥಾನ ಮಾತ್ರ. ಅದರಲ್ಲಿ ಒತ್ತು, ಗುಣಿತಗಳಿಗೆ ಬೇರೆ ಬೇರೆ ಲೆಕ್ಕ. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಆರು ಸ್ಥಾನ ಬೇಕು. ಅಳತೆ ಮೀರಿದ ಬರಹ ತುಂಡಾಗಬಹುದು, ಇಲ್ಲವೆ ಬಾಲ ಕತ್ತರಿಸಿ ಹೋಗಬಹುದು. "ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದೆವು" ಎಂಬುದು ಮುಟ್ಟಿ, "ಈಗ ಮನೆಗೆ ಬಂದಿದ್ದಾರೆ" ಎಂಬುದು ದಾರಿಯಲ್ಲೇ ಉಳಿದರೆ ಮಗನ ಗತಿಯೇನು? ಫೋನ್ ಮುಚ್ಚಿದ್ದರೆ ಸಂದೇಶ ಕೇಂದ್ರದಲ್ಲಿ ಕೆಲಕಾಲ ಕಾದಿದ್ದು, ಗಡುವು ಮೀರಿದ ಮೇಲೆ ಅಳಿದುಹೋಗುತ್ತದೆ. ಬರೆದವನಿಗೆ ಅದರ ಅರಿವೇ ಆಗದಿರಬಹುದು. 2013ರ ಜುಲೈಯಲ್ಲಿ ನಿಂತುಹೋದ ನಮ್ಮ ತಂತಿಯಲ್ಲೂ ಮಾತು ಚುಟುಕೇ. ಆದರೆ ಕೊನೆಗೆ ಬಾಗಿಲು ತಟ್ಟುವ ಒಬ್ಬ ಮನುಷ್ಯನಿರುತ್ತಿದ್ದ.

2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರಿನಿಂದ ತಾಪಿ ಉಕ್ಕಿ ಸೂರತ್ತಿನ ಬಹುಭಾಗ ಮುಳುಗಿತು. ಅಂಥ ಹೊತ್ತಿನಲ್ಲಿ ದೂರದ ಊರಿನಲ್ಲಿ ಕುಳಿತ ತಾಯಿಗೆ "ನಾನು ಆಗಲೇ ಮೆಸೇಜು ಹಾಕಿದ್ದೆನಲ್ಲಮ್ಮ" ಎಂಬ ಸಮಜಾಯಿಷಿ ಎಷ್ಟರ ಸಮಾಧಾನ? ಅವಳು ಕಳೆದ ರಾತ್ರಿಗಳನ್ನು ಅದು ಮರಳಿ ಕೊಡುವುದಿಲ್ಲ.

ಕೆಲವರು ಇಲ್ಲಿಗೆ ನಿಷ್ಕಾಮ ಕರ್ಮದ ತತ್ತ್ವವನ್ನು ತರಬಹುದು: ಕಳಿಸುವುದು ನಮ್ಮ ಕೆಲಸ, ಮುಟ್ಟುವುದು ಫಲ, ಫಲದ ಚಿಂತೆ ನಮಗೇಕೆ ಎಂದು. ಈ ವಾದ ನಿಲ್ಲುವುದಿಲ್ಲ. ಇಲ್ಲಿ ನಮ್ಮ ಕರ್ಮ ಗುಂಡಿ ಒತ್ತುವುದಲ್ಲ, ತಿಳಿಸುವುದು. ಕೇಳುವವರಿಗೆ ತಿಳಿಯದ ಹೊರತು ತಿಳಿಸಿದಂತಾಗಲಿಲ್ಲ. ಮುಟ್ಟುವುದು ಆ ಕರ್ಮದ ಅಂಗವೇ ಹೊರತು ಫಲವಲ್ಲ. ತಿಳಿದ ಮೇಲೆ ಅವರು ಮೆಚ್ಚುವರೋ ಮುನಿಯುವರೋ, ಅದು ಫಲ. ಅದರ ಚಿಂತೆಯನ್ನು ಬೇಕಾದರೆ ಬಿಡೋಣ.

ಹಾಗೆಂದು ಪ್ರತಿಯೊಂದು ಹಬ್ಬದ ಶುಭಾಶಯಕ್ಕೂ ಮುಟ್ಟಿತೆ ಎಂದು ಬೆನ್ನು ಹತ್ತಬೇಕಾಗಿಲ್ಲ. ಹೊಣೆ ಸುದ್ದಿಯ ತೂಕವನ್ನು ಅನುಸರಿಸುತ್ತದೆ. ಕಾಯಿಲೆ, ಸಾವು, ಹಣಕಾಸು, ಪ್ರಯಾಣ ಇಂಥ ವಿಷಯಗಳಲ್ಲಿ ಉತ್ತರ ಬರುವವರೆಗೆ ಕೆಲಸ ಮುಗಿದಿಲ್ಲವೆಂದು ತಿಳಿಯಬೇಕು. ಬಾರದಿದ್ದರೆ ಫೋನಿನಲ್ಲಿ ಮಾತಾಡಬೇಕು, ಇಲ್ಲವೆ ನೆರೆಮನೆಯವರಿಗಾದರೂ ಹೇಳಿ ಕಳಿಸಬೇಕು. ಮುಖ್ಯವಾದ ಮಾತನ್ನು ಮೊದಲು ಬರೆಯಬೇಕು. ಪಡೆದವರ ಹೊಣೆಯೂ ಚಿಕ್ಕದಲ್ಲ. "ಮುಟ್ಟಿತು" ಎಂಬ ಒಂದು ಮಾತಿಗೆ ಎಷ್ಟು ಹೊತ್ತು ಬೇಕು? ಆ ಒಂದು ಮಾತನ್ನು ಉಳಿಸಿಕೊಂಡು ನಾವು ಗಳಿಸುವುದಾದರೂ ಏನು?

ನಮ್ಮ ಹಿರಿಯರ ಕಾಗದಗಳು 'ಉಭಯ ಕುಶಲೋಪರಿ' ಎಂದು ತೊಡಗುತ್ತಿದ್ದವು. ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ ಎಂದು ಹೇಳುವುದೂ ಕೇಳುವುದೂ ಅಲ್ಲಿ ಒಟ್ಟಿಗೇ ನಡೆಯುತ್ತಿತ್ತು. ಓದಲು ಬಾರದವರು ಬೇರೆಯವರಿಂದ ಓದಿಸಿಕೊಂಡಾದರೂ ಉತ್ತರ ಬರೆಸುತ್ತಿದ್ದರು. ಇಂದು ಇಮೇಲಿನಿಂದ ಫೋನಿಗೆ ಹೋಗುತ್ತಿದ್ದ ಒಂದು ದಾರಿ ಮುಚ್ಚಿದೆ. ನಾಳೆ ಇನ್ನೊಂದು ಮುಚ್ಚೀತು, ಮತ್ತೊಂದು ತೆರೆದೀತು. ಯಾವ ದಾರಿಯಲ್ಲಿ ಕಳಿಸಿದರೂ 'ಉಭಯ' ಎಂಬ ಆ ಮಾತನ್ನು ಮಾತ್ರ ನಾವು ಬಿಡಬಾರದು.